ದೀರ್ಘಕರ್ಣರ ಕತ್ತಿ

ಫೆಬ್ರವರಿ 3

ಮುಖ್ಯಸ್ಥರು,
ಆಯುಧ ವಿಭಾಗ,
ವಸ್ತುಸಂಗ್ರಹಾಲಯ.

ಮಾನ್ಯರೇ,

ನಾನು ನಾಟಕ, ಸಿನಿಮಾಗಳಿಗೆ ಬೇಕಾದ ಸಾಮಾನು ಮಾಡಿಕೊಡುವವಳು. ಕಿರೀಟ, ಸುಳ್ಳು ಹಣ್ಣು, ಕತ್ತರಿಸಿದ ತಲೆ ಎಲ್ಲವೂ ನನ್ನ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಕಾರ್ಖಾನೆ ಎಂದರೆ ಲಾಂಡ್ರಿಯೊಂದರ ಮೇಲಿನ ಎರಡು ಕೋಣೆ.

ಈಗ ಒಂದು ಸಿನಿಮಾದವರು ಎಲ್ಫ್‌ಗಳಿಗೆ ಕತ್ತಿ ಮಾಡಿಕೊಡಲು ಹೇಳಿದ್ದಾರೆ. ಎಲ್ಫ್‌ಗಳೆಂದರೆ ಕಥೆಗಳಲ್ಲಿ ಬರುವ ಕಾಡಿನ ಜನ. ಎತ್ತರದ ನಿಲುವು, ಚೂಪಾದ ಉದ್ದ ಕಿವಿ, ಸಾವಿಲ್ಲ, ಆದರೂ ಮುಖದಲ್ಲಿ ಸದಾ ಏನೋ ಬೇಸರ. ಇದೇ ಕಂಪನಿ ಹಿಂದಿನ ಸಿನಿಮಾದಲ್ಲಿ ಖಳನ ಮುಖಕ್ಕೆ ಹಾಕಿದ್ದ ಮುಖವಾಡ, ಒಂದು ಜನಾಂಗದವರು ಇವತ್ತಿಗೂ ತಮ್ಮ ಸತ್ತವರಿಗೆ ಹಾಕುವ ಮುಖವಾಡವೆಂದು ಆಮೇಲೆ ಗೊತ್ತಾಯಿತು. ಕ್ಷಮೆ ಕೇಳಿ ಅರ್ಧ ಸಿನಿಮಾ ಮತ್ತೆ ತೆಗೆದರು. ಆದ್ದರಿಂದ ಈ ಸಲ, ಕತ್ತಿಯ ವಿನ್ಯಾಸ ಯಾವ ಜನರಿಂದಲೂ ಕೇಳದೆ ಎತ್ತಿಕೊಂಡದ್ದಲ್ಲ ಎಂಬ ಪ್ರಮಾಣಪತ್ರ ಬೇಕಂತೆ, ಮೊಹರಿನ ಸಮೇತ. ಜೂನ್ ಮಧ್ಯದೊಳಗೆ ಅದು ಸಿಗದಿದ್ದರೆ ಬಾಡಿಗೆ ಕತ್ತಿ ತರಿಸುತ್ತಾರೆ, ನನ್ನ ಎರಡೂ ಕೋಣೆಗಳು ಲಾಂಡ್ರಿಯವರ ಇಸ್ತ್ರಿಗೆ ಹೋಗುತ್ತವೆ.

ನಾಲ್ಕು ಚಿತ್ರ ಲಗತ್ತಿಸಿದ್ದೇನೆ. ಎಲ್ಲವೂ ನನ್ನ ಸ್ವಂತ ಕಲ್ಪನೆ. ತಮ್ಮ ವಿಭಾಗಕ್ಕೆ ಈಗ ಮುಖ್ಯಸ್ಥರು ಯಾರೆಂದು ನನಗೆ ತಿಳಿಯದು.

ತಮ್ಮ ವಿಶ್ವಾಸಿ,
ರಂಗಸಾಮಗ್ರಿ ತಯಾರಕಿ


ಫೆಬ್ರವರಿ 19

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಕಲ್ಪಿತ ದೀರ್ಘಕರ್ಣ ಜನಾಂಗಕ್ಕೆಂದು ತಾವು ಬರೆದಿರುವ ನಾಲ್ಕೂ ಆಯುಧಗಳನ್ನು ಪರಿಶೀಲಿಸಲಾಯಿತು.

ಮೊದಲನೆಯದರ ಉದ್ದ ಹಿಡಿ, ಅದಕ್ಕೆ ಸುತ್ತಿದ ದಾರದ ಹೆಣಿಗೆ, ಅಲಗಿನ ತೆಳು ಬಾಗು ಇವು ಜಪಾನಿನವು. ತುದಿಗೆ ಒಂದು ಎಲೆ ಅಂಟಿಸಿದ ಮಾತ್ರಕ್ಕೆ ಅದು ಕಾಡಿಗೆ ಸೇರುವುದಿಲ್ಲ. ಎರಡನೆಯದು, ಒಳಬಾಗಿನಲ್ಲಿ ಅಂಚು ಇರುವ ದೊಡ್ಡ ಕುಡುಗೋಲಿನಂಥದ್ದು, ಈಗಿನ ರೊಮೇನಿಯಾದ ಕಡೆ ಹಿಂದೆ ಇದ್ದ ಡೇಸಿಯದವರದ್ದು. ಅದರ ಏಟಿಗೆ ಹೆದರಿ ರೋಮಿನ ಸೈನಿಕರು ಶಿರಸ್ತ್ರಾಣದ ಮೇಲೆ ಅಡ್ಡಪಟ್ಟಿ ಬಡಿಸಿಕೊಂಡರು. ಅವರಿಗೆ ಅದು ಕಲ್ಪನೆ ಎನಿಸಿರಲಿಕ್ಕಿಲ್ಲ.

ಮೂರನೆಯದು ಎಲೆಯಾಕಾರದ ಅಲಗು. ಕಾಡಿನವರಿಗೆ ಎಲೆ ಎಂದು ತಾವು ಯೋಚಿಸಿರಬಹುದು. ಯುರೋಪಿನ ಕಂಚಿನ ಯುಗದವರು ಹೀಗೆ ಮಾಡಿದ್ದು ಏಟಿಗೆ ತೂಕ ಬರಲೆಂದು. ಹಿಡಿಯ ಮೇಲಿನ ಬಳ್ಳಿ ಅವರದ್ದೂ ಅಲ್ಲ, ದೀರ್ಘಕರ್ಣರದ್ದೂ ಅಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಪ್ಯಾರಿಸ್ಸಿನ ಸುರಂಗ ರೈಲಿನ ಬಾಗಿಲಿಗೆ ಹಾಕಿದ ಕಬ್ಬಿಣದ ಬಳ್ಳಿ ಅದು. ನಾಲ್ಕನೆಯದು ತುರ್ಕಿಯ ಯಾತಗಾನ್. ಅದರ ಹಿಡಿಯ ತುದಿಯಲ್ಲಿ ಅಗಲವಾಗಿ ಅರಳಿರುವ ಎರಡು ಭಾಗಗಳಿಗೆ ಅಲ್ಲಿಯವರು ಕಿವಿ ಎಂದೇ ಹೇಳುತ್ತಾರೆ. ಉದ್ದ ಕಿವಿಯವರಿಗೆ ಕಿವಿಯಿರುವ ಕತ್ತಿ. ತಮಗೆ ಗೊತ್ತಿದ್ದು ಮಾಡಿದ್ದರೆ ಹಾಸ್ಯ, ಗೊತ್ತಿಲ್ಲದೆ ಮಾಡಿದ್ದರೆ ನಕಲು.

ಪ್ರಮಾಣಪತ್ರ ಕೊಡಲಾಗದು.

ಇತಿ,
ಮುಖ್ಯಸ್ಥರು, ಆಯುಧ ವಿಭಾಗ

(ಕೈಬರಹದಲ್ಲಿ) ಲಕೋಟೆಯ ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಸವರುವ ಚಾಳಿ ಇನ್ನೂ ಹೋಗಿಲ್ಲ. ಮುಖ್ಯಸ್ಥರು ಯಾರೆಂದು ನಿನಗೆ ಚೆನ್ನಾಗಿ ಗೊತ್ತು.


ಫೆಬ್ರವರಿ 24

ಚೀಟಿ,

ಗೊತ್ತು. ಗೊತ್ತಿದ್ದೇ ಬರೆದೆ. ಊರಿಗೆಲ್ಲ ಆಯುಧ ಬಲ್ಲವಳು ನೀನೊಬ್ಬಳೇ. ಇಲ್ಲದಿದ್ದರೆ ಈ ಜನ್ಮದಲ್ಲಿ ಬರೆಯುತ್ತಿರಲಿಲ್ಲ ಎಂದು ಸೇರಿಸಬೇಕೆನಿಸಿತ್ತು, ಆದರೆ ಅದು ನಿಜವೋ ಅಲ್ಲವೋ ಎಂದು ಎರಡು ದಿನ ಯೋಚಿಸಿದ ಮೇಲೆ ಅನುಮಾನ ಬಂತು.

ನಿನ್ನನ್ನು ಕರೆಯುವ ಹೆಸರು ಬದಲಿಸುವುದಿಲ್ಲ. ಪೆನ್ಸಿಲಿಗೆ, ಡಬ್ಬಿಗೆ, ಕೊನೆಗೆ ನಮ್ಮಿಬ್ಬರ ಛತ್ರಿಗೂ ಹೆಸರು ಬರೆದ ಚೀಟಿ ಅಂಟಿಸುತ್ತಿದ್ದವಳು ಚೀಟಿಯೇ.

ನನ್ನ ಸ್ಥಿತಿಯ ತಮಾಷೆ ನಿನಗೆ ಹೊಳೆದಿರಬೇಕು. ಇಬ್ಬರೂ ಸೇರಿ ಶುರುಮಾಡಬೇಕಿದ್ದ ಕಾರ್ಖಾನೆಯ ಬೀಗದ ಕೈ ನನ್ನ ಕೈಯಲ್ಲಿತ್ತು, ನೀನು ಬಂದು ಮ್ಯೂಸಿಯಮ್ಮಿನ ಕೆಲಸಕ್ಕೆ ಸೇರುತ್ತೇನೆ ಎಂದೆ. "ಬೇರೆಯವರ ಸಾಮಾನಿಗೆ ಚೀಟಿ ಅಂಟಿಸೋಕೆ ಹೊರಟ್ಯಾ?" ಅಂದೆ ನಾನು. "ನೋಡಿದ್ದನ್ನ ಬಿಟ್ಟು ಬೇರೆ ಏನಾದ್ರೂ ಬಿಡಿಸೋಕೆ ಬರತ್ತಾ ನಿಂಗೆ?" ಅಂದೆ ನೀನು. ಆಮೇಲೆ ಹದಿಮೂರು ವರ್ಷ ನಾವು ಮಾತಾಡಲಿಲ್ಲ. ಈಗ ನಾನು ಏನನ್ನೂ ನೋಡಿ ಬಿಡಿಸಿಲ್ಲ ಎಂದು ಬರೆದುಕೊಡುವಂತೆ ನಿನ್ನನ್ನೇ ಕೇಳುತ್ತಿದ್ದೇನೆ.

ನಮ್ಮ ಸಿನಿಮಾ ನಿರ್ದೇಶಕರ ಕಥೆ ಕೇಳು. "ಎಲ್ಫ್‌ಗಳ ಕತ್ತಿ ಸ್ವಲ್ಪ ಬಾಗಿರಲಿ ಮೇಡಂ, ನಾಜೂಕಾಗಿ ಕಾಣತ್ತೆ. ರಾಕ್ಷಸರದ್ದೂ ಬಾಗಿರಲಿ, ಕ್ರೂರವಾಗಿ ಕಾಣತ್ತೆ."

"ಎರಡೂ ಒಂದೇ ಬಾಗು ಅಲ್ವಾ ಸಾರ್?"

"ಲೈಟಿಂಗ್ ಬೇರೆ."

ಇನ್ನೂ ಮೂರು ಚಿತ್ರ ಕಳಿಸುತ್ತಿದ್ದೇನೆ. ಬಳ್ಳಿ ತೆಗೆದಿದ್ದೇನೆ.

ಸುರುಳಿ


ಮಾರ್ಚ್ 20

ಮಾನ್ಯರೇ,

ಉತ್ತರ ತಡವಾದದ್ದಕ್ಕೆ ಕಾರಣ ವರ್ಷದ ಎಣಿಕೆ. ಪ್ರತಿ ಈಟಿಯನ್ನೂ ಮುಟ್ಟಿ ಎಣಿಸಬೇಕು. ಬೇರೆ ಕಾರಣವಿಲ್ಲ.

ಮೂರು ಚಿತ್ರಗಳಲ್ಲಿ ಒಂದು ಪೋಲೆಂಡ್, ಒಂದು ಪರ್ಷಿಯಾ, ಇನ್ನೊಂದು ಎರಡನ್ನೂ ಮಡಚಿ ಮಾಡಿದ್ದು. ಪ್ರಮಾಣಪತ್ರ ಕೊಡಲಾಗದು.

ತಮ್ಮ ನಿರ್ದೇಶಕರ "ಲೈಟಿಂಗ್ ಬೇರೆ" ಎಂಬ ಮಾತನ್ನು ನಾನು ನನ್ನ ಮೇಜಿನ ಮೇಲೆ ಬರೆದಿಟ್ಟುಕೊಂಡಿದ್ದೇನೆ. ನಮ್ಮ ಶಾಸ್ತ್ರದ ಪುಸ್ತಕಗಳು ಇದನ್ನು ಹೇಳಲು ಮುನ್ನೂರು ಪುಟ ತೆಗೆದುಕೊಳ್ಳುತ್ತವೆ. ಯುರೋಪಿನವರು ನೆಟ್ಟನೆಯ ಕತ್ತಿ ಹಿಡಿದು ಬಾಗಿದ ಕತ್ತಿಯವರ ಜೊತೆ ಶತಮಾನಗಟ್ಟಲೆ ಹೊಡೆದಾಡಿದರು. ಕಥೆ ಬರೆಯಲು ಕೂತಾಗ ಬಾಗಿದ್ದೆಲ್ಲ ಖಳನ ಕೈಗೆ ಹೋಯಿತು. ಅಷ್ಟು ಹೊತ್ತಿಗೆ ಅವರದೇ ಕುದುರೆ ಸವಾರರು ಬಾಗಿದ ಕತ್ತಿ ಕಟ್ಟಿಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದರು. ಇಷ್ಟವಾದ ಪರಕೀಯ ವಸ್ತುವನ್ನು ಶತ್ರುವಿನದು ಎನ್ನುವ ಹಾಗಿಲ್ಲ, ನಮ್ಮದು ಎನ್ನುವ ಹಾಗೂ ಇಲ್ಲ. ಆಗ ಉದ್ದ ಕಿವಿಯ ಒಂದು ಜನವನ್ನು ಹುಟ್ಟಿಸಿ ಅವರ ಕೈಗೆ ಕೊಡುವುದು ಸುಲಭ ಎಂದು ನನ್ನ ಊಹೆ. ಊಹೆ ಮಾತ್ರ.

ಇನ್ನೊಂದು ಮಾತು, ಇದು ಕಚೇರಿಯ ಮಾತಲ್ಲ. ನಿನ್ನ ದೀರ್ಘಕರ್ಣರು ಸಾವಿರ ವರ್ಷ ಬದುಕುವವರು. ಹಾಗಿದ್ದೂ ಅವರ ಕತ್ತಿಗಳೆಲ್ಲ ನಿನ್ನೆ ಅಂಗಡಿಯಿಂದ ತಂದಂತಿವೆ. ಸಾವಿರ ವರ್ಷ ಹಿಡಿದರೆ ಹಿಡಿ ಸವೆಯುವುದಿಲ್ಲವೇ? ಯಾರೂ ಅದನ್ನು ಬೀಳಿಸುವುದಿಲ್ಲವೇ, ರಿಪೇರಿ ಮಾಡುವುದಿಲ್ಲವೇ? ನೀನು ಬಿಡಿಸಿರುವುದು ಕತ್ತಿಯ ಫೋಟೋಗಳನ್ನು. ಯಾರೋ ಹಿಡಿದ ಕತ್ತಿಯನ್ನು ಬಿಡಿಸು.

ಇತಿ,
ಮುಖ್ಯಸ್ಥರು, ಆಯುಧ ವಿಭಾಗ


ಏಪ್ರಿಲ್ 6

ಚೀಟಿ,

ನಿನ್ನ ಪತ್ರ ಓದಿ ಸಿಟ್ಟು ಬಂತು. ಅದನ್ನು ಮಡಚಿ ಡಬ್ಬದಲ್ಲಿ ಹಾಕಿದೆ, ಮತ್ತೆ ತೆಗೆದು ಓದಿದೆ, ಮತ್ತೆ ಸಿಟ್ಟು ಬಂತು. ಎರಡನೆಯ ಸಿಟ್ಟು ನನ್ನ ಮೇಲೆ ಎಂದು ಕಾಣುತ್ತದೆ.

ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನೆಲ್ಲ ಕಿತ್ತೆ. ಪುಸ್ತಕಗಳನ್ನು ಇನ್ನೊಂದು ಕೋಣೆಗೆ ಹಾಕಿ ಬೀಗ ಜಡಿದೆ. ಕೆಳಗೆ ಇಸ್ತ್ರಿಯ ಹಬೆ, ನನ್ನ ಕಾಗದ ಅರ್ಧ ಒದ್ದೆ. ಹಾಗೇ ಕೂತು, ಹಿಡಿದರೆ ನನ್ನ ಕೈಗೆ ಹೇಗಿರಬೇಕು ಎಂದು ಮಾತ್ರ ಯೋಚಿಸಿ ಒಂದೇ ಏಟಿಗೆ ಬಿಡಿಸಿದೆ. ನೋಡು. ಮೊಳಕ್ಕಿಂತ ಸ್ವಲ್ಪ ಉದ್ದ. ಹಿಡಿಯ ಹತ್ತಿರ ದಪ್ಪ, ನಡುವೆ ಮೆಲ್ಲಗೆ ತಗ್ಗು, ತುದಿಯಲ್ಲಿ ಮನಸ್ಸು ಬದಲಿಸಿದ ಹಾಗೆ ಮೇಲಕ್ಕೆ ಸುತ್ತಿಕೊಂಡಿದೆ. ಹಿಡಿಯ ಮೇಲೆ ಸವೆತ, ಗೀರು. ಕೈಯನ್ನು ಕಾಯುವ ಅಡ್ಡಪಟ್ಟಿಯಿಲ್ಲ. ಯಾಕಿಲ್ಲ ಎಂದು ಕೇಳಿದರೆ ನನಗೇ ಗೊತ್ತಿಲ್ಲ, ಹಾಕಿದರೆ ತಪ್ಪೆನಿಸಿತು.

ನಿರ್ದೇಶಕರು ಬಹಳ ಹೊತ್ತು ನೋಡಿದರು. "ಇದು ಯಾರದ್ದೋ ಅಂತ ಅನ್ನಿಸತ್ತೆ ಮೇಡಂ," ಅಂದರು. ಇದೂ ಯಾರದ್ದೋ ನಕಲಾಯಿತೇ ಎಂದು ಚಿತ್ರ ಎತ್ತಿಕೊಳ್ಳಲು ಹೋದೆ. "ಅಂದ್ರೆ, ಯಾರೋ ಇದನ್ನ ಪ್ರೀತಿಯಿಂದ ಇಟ್ಕೊಂಡಿದ್ರು ಅನ್ಸತ್ತೆ. ಇದೇ ಬೇಕು."

ಇದು ಯಾವ ದೇಶದ್ದು, ಹೇಳು ನೋಡೋಣ.

ಸುರುಳಿ


ಏಪ್ರಿಲ್ 10

ಮಾನ್ಯರೇ,

ತಮ್ಮ ಇತ್ತೀಚಿನ ಚಿತ್ರ ಈ ಸಂಗ್ರಹಾಲಯದ ಹದಿನಾಲ್ಕನೆಯ ಗಾಜಿನ ಪೆಟ್ಟಿಗೆಯಲ್ಲಿರುವ ವಸ್ತುವೊಂದನ್ನು ಹೋಲುತ್ತದೆ. ಹೋಲುತ್ತದೆ ಎಂಬುದು ಸಣ್ಣ ಮಾತು. ಆದ್ದರಿಂದ ಪ್ರಮಾಣಪತ್ರ ಕೊಡಲಾಗದು.

ನಂಬಿಕೆ ಬಾರದಿದ್ದರೆ ಖುದ್ದಾಗಿ ಬಂದು ನೋಡಬಹುದು. ಸೋಮವಾರ ರಜೆ. ಮುಂದಿನ ವಾರ ಪೂರ್ತಿ ನಾನು ಕೆಲಸದ ಮೇಲೆ ಬೇರೆ ಊರಿನಲ್ಲಿರುತ್ತೇನೆ.

ಇತಿ,
ಮುಖ್ಯಸ್ಥರು, ಆಯುಧ ವಿಭಾಗ


ಏಪ್ರಿಲ್ 18

ಚೀಟಿ,

ಹೋಗಿ ಬಂದೆ. ಈ ಪತ್ರವನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಮೊದಲ ಮೂರು ನಗುವಿನಿಂದ ಹಾಳಾದವು.

ಯಾವ ಬೆಟ್ಟದ ಜನ ನನಗಿಂತ ಮೊದಲೇ ನನ್ನ ಕತ್ತಿಯನ್ನು ಮಾಡಿಟ್ಟಿದ್ದಾರೋ ಎಂದು ಬೈದುಕೊಂಡೇ ಒಳಗೆ ಹೋದೆ. ಪೆಟ್ಟಿಗೆಯ ಪಕ್ಕ ಸ್ಟೂಲಿನ ಮೇಲೆ ಕಾವಲಿನ ಹೆಂಗಸು ಕೂತಿದ್ದಳು. "ಇದನ್ನ ನೋಡೋಕೆ ಬಂದ್ರಾ?" ಅಂದಳು. "ಎಲ್ರೂ ಇದನ್ನೇ ಕೇಳ್ತಾರೆ."

"ಯಾಕೆ?"

"ಉಳಿದವೆಲ್ಲ ಯಾರ್ದು ಅಂತ ಬರೆದಿದೆಯಲ್ಲ. ಇದೊಂದು ಪಾಪ, ಯಾರ್ದೂ ಅಲ್ಲ."

ಬಗ್ಗಿ ನೋಡಿದೆ. ಮೆತ್ತನೆಯ ಬಟ್ಟೆಯ ಮೇಲೆ, ಎರಡು ಪುಟ್ಟ ದೀಪಗಳ ನಡುವೆ, ನಿಮ್ಮ ತಾತನ ಆರಾಮಕುರ್ಚಿಯ ಎಡಗೈ ಮಲಗಿತ್ತು.

ಹದಿನಾಲ್ಕು ವರ್ಷದವರಿದ್ದಾಗ ಶಾಲೆಯ ನಾಟಕಕ್ಕೆಂದು ನಾವೇ ಕೊಯ್ದದ್ದು. ನೀನು ಸೇನಾಪತಿ, ನಾನು ಸಾಯುವ ರಾಜ. ಬೂಟ್ ಪಾಲಿಶ್ ಬಳಿದು ಕಪ್ಪು ಮಾಡಿದ್ದೆವು. ಮರುದಿನ ತಾತ ಎಂದಿನಂತೆ ಮೊಣಕೈ ಊರಲು ಹೋಗಿ ಪತ್ರಿಕೆಯ ಸಮೇತ ಎಡಕ್ಕೆ ಉರುಳಿದ್ದರು. ಕುರ್ಚಿಯ ಕೈಗೆ ಅಡ್ಡಪಟ್ಟಿ ಎಲ್ಲಿಂದ ಬರಬೇಕು?

ಪಕ್ಕದ ಫಲಕ ಓದಿದೆ. "ಮರದ ಕತ್ತಿ. ಜನಾಂಗ: ಅಜ್ಞಾತ. ಕಾಲ: ಅಜ್ಞಾತ. ಆಚರಣೆಗೆ ಬಳಸಿರಬಹುದು. ಹಿಡಿಯ ಮೇಲಿನ ಗೀರುಗಳು ಕೊಂದ ಶತ್ರುಗಳ ಲೆಕ್ಕವಾಗಿರಬಹುದು."

"ಒಂಬತ್ತು ಜನ ಅಂತ ಹೇಳ್ತಾರೆ," ಅಂದಳು ಕಾವಲಿನವಳು. "ನಾನು ಎಣಿಸಿದ್ರೆ ಹನ್ನೊಂದು. ಇಬ್ರಿಗೆ ಬರೀ ಗಾಯ ಆಗಿರ್ಬೇಕು."

ಜೀವಮಾನದಲ್ಲಿ ಒಂದು ಬೆಕ್ಕನ್ನೂ ಅಟ್ಟದ ನಿಮ್ಮ ಮನೆಯ ಕುಂಟ ನಾಯಿಯ ಹಲ್ಲಿನ ಗುರುತು ಅವು. ನಾನು ಮುಖ ಮುಚ್ಚಿಕೊಂಡೆ. ಪಾಪ, ಅವಳು ನಾನು ಆ ಸತ್ತವರಿಗಾಗಿ ಅಳುತ್ತಿದ್ದೇನೆ ಎಂದುಕೊಂಡು ನೀರು ತಂದುಕೊಟ್ಟಳು.

ಇದು ಅಲ್ಲಿಗೆ ಹೇಗೆ ಬಂತು ಎಂದು ಆಮೇಲೆ ಹೇಳು. ಈಗ ಕೆಲಸದ ಮಾತು. ಈ ಕತ್ತಿ ಅಜ್ಞಾತ ಜನಾಂಗದ್ದಾಗಿರುವವರೆಗೆ ನಾನು ಕಳ್ಳಿ. ಇದನ್ನು ಮಾಡಿದವರು ನಾವಿಬ್ಬರು ಎಂದು ನೀನು ಒಂದು ಸಾಲು ಬರೆದು ಮೊಹರು ಹಾಕಿದರೆ ನನ್ನ ಕಾರ್ಖಾನೆ ಉಳಿಯುತ್ತದೆ. ಬರೆದುಕೊಡುತ್ತೀಯಾ?

ಸುರುಳಿ


ಏಪ್ರಿಲ್ 30

ಸುರುಳಿ,

ಬೇರೆ ಊರಿಗೆ ಹೋಗಿರಲಿಲ್ಲ. ಮೇಲಿನ ಮಹಡಿಯ ಕೋಣೆಯಲ್ಲಿದ್ದೆ. ನೀನು ಮುಖ ಮುಚ್ಚಿಕೊಂಡದ್ದನ್ನು ಮೆಟ್ಟಿಲ ಮೇಲಿನಿಂದ ನೋಡಿದೆ. ನಗುವೋ ಅಳುವೋ ತಿಳಿಯಲಿಲ್ಲ, ಇಳಿದು ಬರಲು ಧೈರ್ಯವಾಗಲಿಲ್ಲ.

ಇಲ್ಲಿಗೆ ಸೇರಿದ ದಿನವೇ ಅದನ್ನು ತಂದು ಕಚೇರಿಯ ಗೋಡೆಗೆ ತೂಗುಹಾಕಿದ್ದೆ. ಯಾಕೆ ಎಂದು ಕೇಳಬೇಡ. ಮೂರನೆಯ ವರ್ಷ ಅಪೆಂಡಿಕ್ಸ್ ಎಂದು ಆಸ್ಪತ್ರೆಯಲ್ಲಿದ್ದಾಗ ಕಚೇರಿಗೆ ಬಣ್ಣ ಹೊಡೆದರು. ಸಾಮಾನು ಇಳಿಸಿದವರು ಇದನ್ನೂ ಈಟಿಗಳ ಜೊತೆ ಕಟ್ಟಿದರು. ವಾಪಸು ಬಂದಾಗ ಇದಕ್ಕೆ ಸಂಖ್ಯೆ ಬಿದ್ದಿತ್ತು, ಗಾಜಿನ ಪೆಟ್ಟಿಗೆ ಸಿಕ್ಕಿತ್ತು. ನಮ್ಮ ಸಂಗ್ರಹಾಲಯದ ಹಳೆಯ ನಿರ್ದೇಶಕರು ನನ್ನ ಕೈ ಹಿಡಿದು ಕರೆದೊಯ್ದು ತೋರಿಸಿದರು. "ನೋಡಮ್ಮ, ನಮ್ಮ ಉಗ್ರಾಣದಲ್ಲೇ ಬಿದ್ದಿತ್ತು. ಇಷ್ಟು ನಿಷ್ಕಪಟವಾಗಿ ಕೆತ್ತಿದ್ದು ಈ ಇಡೀ ಸಂಗ್ರಹದಲ್ಲಿ ಇನ್ನೊಂದಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ಆ ಹೊತ್ತಿನಲ್ಲಿ ನೀನಾದರೆ ಏನು ಹೇಳುತ್ತಿದ್ದೆ?

ಫಲಕ ಬರೆದದ್ದು ನಾನೇ. "ಆಚರಣೆಗೆ ಬಳಸಿರಬಹುದು" ಎಂಬುದು ನಮಗೆ ಏನೂ ಗೊತ್ತಿಲ್ಲದಾಗ ಬರೆಯುವ ಮಾತು. ಎಲ್ಲ ಗೊತ್ತಿದ್ದೂ ಬರೆದವಳು ನಾನೊಬ್ಬಳೇ ಇರಬೇಕು. ಗೀರುಗಳ ಲೆಕ್ಕ ಒಬ್ಬ ಸಂಶೋಧಕನದು. ನಲವತ್ತು ಪುಟ ಬರೆದಿದ್ದಾನೆ. ಆ ಜನಾಂಗ ಎಡಗೈಯವರದ್ದಂತೆ.

ಹಳೆಯ ನಿರ್ದೇಶಕರು ನಿವೃತ್ತರಾದರೂ ಸಮಿತಿಯ ಅಧ್ಯಕ್ಷರು. ಈಗಲೂ ಆಗಾಗ ಬಂದು ಅದರ ಮುಂದೆ ನಿಂತು ಹೋಗುತ್ತಾರೆ. ನಿರ್ದೇಶಕರ ಹುದ್ದೆ ಖಾಲಿಯಿದೆ, ಜೂನಿನಲ್ಲಿ ಸಂದರ್ಶನ. ನಾನೂ ಅರ್ಜಿ ಹಾಕಿದ್ದೇನೆ. ಸಂದರ್ಶನಕ್ಕೆ ಕೂರುವುದೂ ಅದೇ ಸಮಿತಿ. ಅವರ ಎದುರು ನಿಂತು ಅದು ನನ್ನ ತಾತನ ಕುರ್ಚಿ ಎಂದು ಹೇಳಬೇಕು.

ಆಗಲ್ಲ ಕಣೇ. ಬೈದುಕೋ.

ಚೀಟಿ


ಮೇ 9

ಚೀಟಿ,

ಬೈಯಲಿಲ್ಲ. ಪ್ರಯತ್ನಿಸಿದೆ, ಬರಲಿಲ್ಲ.

ಪ್ರಮಾಣಪತ್ರದ ನನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಬಾಡಿಗೆ ಕತ್ತಿ ತರಿಸಿಕೊಳ್ಳಿ ಎಂದು ನಾಳೆ ಸಿನಿಮಾದವರಿಗೆ ಹೇಳುತ್ತೇನೆ. ಒಂದು ಕಾಲೇಜಿನಲ್ಲಿ ಚಿತ್ರಕಲೆ ಕಲಿಸಲು ಕರೆದಿದ್ದಾರೆ, ಹೋಗಬಹುದು. ನೋಡಿದ್ದನ್ನು ನೋಡಿದ ಹಾಗೆ ಬಿಡಿಸುವುದನ್ನು ಕಲಿಸಲು ನನಗಿಂತ ತಕ್ಕವರು ಸಿಗಲಿಕ್ಕಿಲ್ಲ.

ನೀನು ಅಂದು ಹೇಳಿದ್ದು ಸರಿಯಾಗಿಯೇ ಇತ್ತು. ಪುಸ್ತಕಗಳಿಗೆ ಬೀಗ ಹಾಕಿ ಕೂತರೂ ನನ್ನ ಕೈ ಹೋಗಿ ಹುಡುಕಿಕೊಂಡದ್ದು ಮೊದಲೇ ನೋಡಿದ್ದನ್ನು. ಕಲ್ಪನೆ ಎಂದು ನಾನು ಇಷ್ಟು ವರ್ಷ ಕರೆಯುತ್ತಿದ್ದುದು ಬರೀ ಮರೆವೇ ಏನೋ. ಒಂದು ಮಾತ್ರ ಸೇರಿಸುತ್ತೇನೆ. ಅದನ್ನು ನಾನು ನೋಡಿದಾಗ ನೀನು ಗರಗಸದ ಇನ್ನೊಂದು ತುದಿ ಹಿಡಿದಿದ್ದೆ.

ಸಂದರ್ಶನ ಚೆನ್ನಾಗಿ ಮಾಡು. ಕಾವಲಿನ ಹೆಂಗಸಿಗೆ ಹನ್ನೊಂದು ಸರಿ ಎಂದು ಹೇಳು.

ಸುರುಳಿ


ಜೂನ್ 11

ಸುರುಳಿ,

ನಿನ್ನ ಸಿನಿಮಾ ಕಂಪನಿಗೆ ಫೋನ್ ಮಾಡಿದ್ದೆ. ಬಾಡಿಗೆ ಕತ್ತಿಯ ವಿಷಯ ಅವರಿಗೆ ಯಾರೂ ಹೇಳಿಲ್ಲವಂತೆ. "ನಾಳೆ" ಎಂದು ನೀನು ಬರೆದು ತಿಂಗಳಾಯಿತು. ಏನನ್ನು ಕಾಯುತ್ತಿದ್ದೆ ಎಂದು ನಾನೂ ಕೇಳುವುದಿಲ್ಲ.

ನಿನ್ನೆ ಸಮಿತಿಯ ಮುಂದೆ ಹೇಳಿದೆ. ಸಂದರ್ಶನ ಮುಗಿಯುವವರೆಗೆ ಕಾಯಬಹುದಿತ್ತು, ಆದರೆ ನಿನ್ನ ಗಡುವು ಅದಕ್ಕಿಂತ ಮೊದಲಿತ್ತು. ಕುರ್ಚಿ, ಗರಗಸ, ಬೂಟ್ ಪಾಲಿಶ್, ನಾಯಿ, ಎಲ್ಲವನ್ನೂ ಹೇಳಿದೆ. ಇಬ್ಬರು ನಕ್ಕರು. ಒಬ್ಬರು ಕೆಮ್ಮಿನ ಹಿಂದೆ ನಕ್ಕರು. ಹಳೆಯ ನಿರ್ದೇಶಕರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು.

"ನಾಯಿ ಎಡಗಡೆಯಿಂದ ಕಚ್ಚಿತಾ, ಬಲಗಡೆಯಿಂದಲಾ?" ಎಂದು ಕೇಳಿದರು.

"ಬಲಗಡೆಯಿಂದ ಸಾರ್."

"ಹಾಗಾದ್ರೆ ಎಡಗೈ ಜನಾಂಗ ಅನ್ನೋದು ತಪ್ಪು." ಅದನ್ನು ಬರೆದುಕೊಂಡರು. ಆಮೇಲೆ ಪೆನ್ನು ಜೇಬಿಗೆ ಹಾಕಿಕೊಂಡು, "ಅಂತೂ ಮಾಡಿದವರು ಸಿಕ್ಕಿದ್ರು ಅಂತಾಯ್ತು. ನಮ್ಮಲ್ಲಿರೋ ಎಷ್ಟು ವಸ್ತುಗಳಿಗೆ ಆ ಭಾಗ್ಯ ಇದೆ?" ಅಂದರು.

ಹುದ್ದೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಮುಂದಿನ ವಾರ ನಕ್ಕವರೇ ಎದುರಿಗೆ ಕೂತಿರುತ್ತಾರೆ. ಕತ್ತಿಯನ್ನು ಪೆಟ್ಟಿಗೆಯಿಂದ ತೆಗೆಯಬಾರದೆಂದು ತೀರ್ಮಾನವಾಯಿತು, ಕಾವಲಿನವಳ ಹಟ. ಫಲಕ ಮಾತ್ರ ಬದಲಾಯಿಸಿದ್ದೇನೆ:

ಮರದ ಕತ್ತಿ.
ಮೂಲ: ಆರಾಮಕುರ್ಚಿಯ ಎಡಗೈ.
ಜನಾಂಗ: ಇಬ್ಬರು ಹುಡುಗಿಯರು.
ಕಾಲ: ಅವರಿಗೆ ಹದಿನಾಲ್ಕು.
ಗೀರುಗಳು: ನಾಯಿ.
ಆಚರಣೆಗೆ ಬಳಸಿರಬಹುದು.

ಕೊನೆಯ ಸಾಲನ್ನು ಹಾಗೇ ಬಿಟ್ಟೆ.

ಪ್ರಮಾಣಪತ್ರ ಸಿದ್ಧವಾಗಿದೆ. ನೀನು ಕೇಳಿದ ಹಾಗೆ ಬರೆಯಲು ಆಗಲಿಲ್ಲ. ಯಾವ ಜನರದ್ದೂ ಅಲ್ಲ ಎಂದರೆ ಸುಳ್ಳಾಗುತ್ತಿತ್ತು. "ಈ ವಿನ್ಯಾಸ ಒಂದು ಜೀವಂತ ಜನಾಂಗದ್ದು. ಜನಸಂಖ್ಯೆ ಎರಡು. ದೀರ್ಘಕರ್ಣರು ಇದನ್ನು ಬಳಸಲು ಒಬ್ಬರ ಒಪ್ಪಿಗೆ ದೊರೆತಿದೆ" ಎಂದು ಬರೆದಿದ್ದೇನೆ. ನಿನ್ನ ಕಂಪನಿಗೆ ಓದಿ ಹೇಳಿದೆ, ಇದೇ ಸಾಕಂತೆ. ಇನ್ನೊಬ್ಬರ ಸಹಿ ಬಾಕಿಯಿದೆ. ಅಂಚೆಯಲ್ಲಿ ಕಳಿಸುವುದಿಲ್ಲ, ಇಲ್ಲಿಗೇ ಬಂದು ಹಾಕಬೇಕು.

ಸೋಮವಾರ ಬಾ. ರಜೆ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ. ಗಾಜಿನ ಬೀಗದ ಕೈ ನನ್ನ ಹತ್ತಿರ ಇದೆ.

ಈ ಸಲ ಕೆಳಗೇ ಇರುತ್ತೇನೆ.

ಚೀಟಿ